ಯಾಣದ ಮೇಲಿಂದ ಹಾರಿದ್ರೆ ಎಷ್ಟು ಡ್ಯಾಮೇಜು?

ಮಳೆಗಾಲ ಹಿಡೀತು ಅಂದ್ರೆ ನಮ್ಮ ವಾಟ್ಸಾಪ್ ಗ್ರೂಪಲ್ಲಿ ಎರಡು ಜಗಳ ಗ್ಯಾರಂಟಿ. ಒಂದು, ಈ ಶನಿವಾರ ಆಟ ಕುಮಟಾದಲ್ಲೋ ಶಿರಸಿಲೋ, ಅಂದ್ರೆ ಆ ಮಳೆಲಿ ದೇವಿಮನೆ ಘಟ್ಟ ಹತ್ತೋರು ಯಾರು ಇಳಿಯೋರು ಯಾರು ಅಂತ. ಇನ್ನೊಂದು ರೂಲ್ಸ್ ಜಗಳ. ಮೊದಲ್ನೇದು ಹೆಂಗೋ ಬಗೆಹರೀತದೆ, ಯಾರ ಮನೇಲಿ ಊಟ ಚಲೋ ಇರ್ತದೆ ಅನ್ನೋದರ ಮೇಲೆ. ಎರಡನೇದು ಬಗೆಹರಿಯೋ ಜಾತಿದೇ ಅಲ್ಲ. ಅದರ ಬಗ್ಗೆನೇ ಈ ಪೋಸ್ಟು, ಉದ್ದ ಆಗ್ತದೆ, ಚಾ ಇಟ್ಕೊಂಡೇ ಕೂತ್ಕೊಳಿ.

ಗೊತ್ತಿಲ್ದೇ ಇದ್ದೋರಿಗೆ ಹೇಳೋದಾದ್ರೆ ನಾವು ಆಡೋದು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್, ಬಾಯಿಮಾತಲ್ಲಿ ಡಿ ಆ್ಯಂಡ್ ಡಿ. ಟೇಬಲ್ ಸುತ್ತ ಕೂತು ಒಬ್ಬೊಬ್ರು ಒಂದೊಂದು ಪಾತ್ರ ಹಿಡ್ಕೊಳ್ತಾರೆ, ಒಬ್ಬ ಮಾತ್ರ ಗೇಮ್ ಮಾಸ್ಟರ್, ಜಿಎಂ, ಅವನು ಉಳಿದಿದ್ದೆಲ್ಲ, ಅಂದ್ರೆ ಊರು, ಕಾಡು, ರಾಕ್ಷಸ, ಚಾ ಅಂಗಡಿಯವನು, ಮಳೆ, ಎಲ್ಲ. ಆಟಗಾರ "ನಾ ಈ ಗೋಡೆ ಹತ್ತತೆ" ಅಂತಾನೆ, ಜಿಎಂ ಅದು ಎಷ್ಟು ಕಷ್ಟ ಅಂತ ಒಂದು ನಂಬರ್ ಹೇಳ್ತಾನೆ, ಅದಕ್ಕೆ ಡಿಸಿ ಅಂತಾರೆ, 10 ಅಂದ್ರೆ ಸಲೀಸು, 15 ಮಧ್ಯಮ, 20 ಕಷ್ಟ, 30 ಅಂದ್ರೆ ಹೆಚ್ಚುಕಮ್ಮಿ ಆಗೋದೇ ಇಲ್ಲ. ಆಟಗಾರ ಇಪ್ಪತ್ತು ಮುಖದ ದಾಳ ಹಾಕಿ ತನ್ನ ಪಾತ್ರದ ಬಲ ಕೂಡಿಸ್ತಾನೆ, ನಂಬರ್ ಮುಟ್ಟಿದ್ರೆ ಹತ್ತಿದ, ಇಲ್ಲಾಂದ್ರೆ ಬಿದ್ದ. ಇಷ್ಟೇ. ಆದ್ರೆ ಈ ಇಷ್ಟೇ ಅನ್ನೋದಕ್ಕೆ ನೂರಾರು ಪುಟದ ಪುಸ್ತಕ ಮೂರು ಇದಾವೆ, ಆ ಪುಸ್ತಕ ಹೇಳಿದ್ದು ದೊಡ್ಡದೋ ಜಿಎಂ ಹೇಳಿದ್ದು ದೊಡ್ಡದೋ ಅನ್ನೋದೇ ತಂಟೆ.

ಜಿಎಂ ನಾನು. ಆಟಗಾರರಲ್ಲಿ ಒಬ್ಬ ಶಿರಸಿ ಕೋರ್ಟಲ್ಲಿ ವಕೀಲ, ಒಬ್ಬಳು ಕಾಲೇಜಲ್ಲಿ ಕೆಮಿಸ್ಟ್ರಿ ಪಾಠ ಮಾಡೋಳು, ಒಬ್ಬ ಸಿದ್ದಾಪುರ ಕಡೆ ನಮ್ಮ ಭಾವ, ತಾಳಮದ್ದಲೆ ಹುಚ್ಚು, ಇನ್ನೊಬ್ಬ ಕಾರವಾರದ ಬೈತಕೋಲ್ ಬಂದರದವನು, ಮನೆಯವರದ್ದೇ ಬೋಟು. ಇವನ ಸಲುವಾಗೇ ನಮ್ಮ ಆಟ ಮಳೆಗಾಲಕ್ಕೆ ಬಂದಿದ್ದು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಅಲ್ವಾ, ಆ 61 ದಿನ ಅವನು ಖಾಲಿ, ಬಲೆ ರಿಪೇರಿ ಮಾಡ್ಕೊಂಡು ಬೇಜಾರಲ್ಲಿ ಇರ್ತಾನೆ. ಉಳಿದ ತಿಂಗಳು ಸಿಗೋದು ಅವನ ಪುಣ್ಯ ನಮ್ಮ ಪುಣ್ಯ.

ಈಗ ಯಾಣಕ್ಕೆ ಬರ್ತೀನಿ. ನಮ್ಮ ಆಟದ ಲೋಕ ಎಲ್ಲೋ ಯುರೋಪಿನ ಹಿಮ ಬೀಳೋ ಊರಲ್ಲ, ನಮ್ಮ ಘಟ್ಟ-ಕರಾವಳಿನೇ, ಹೆಸರು ಅಷ್ಟೇ ಬೇರೆ ಇಟ್ಟಿದೀನಿ, ಮಿರ್ಜಾನ್ ಕೋಟೆ ಇದೆ, ಅಘನಾಶಿನಿ ಇದೆ, ಕಾಳುಮೆಣಸಿನ ರಾಣಿ ಒಬ್ಬಳಿದಾಳೆ, ಯಾರನ್ನ ನೋಡಿ ಮಾಡಿದ್ದು ಅಂತ ಇಲ್ಲಿಯವರಿಗೆ ಹೇಳ್ಬೇಕಾಗಿಲ್ಲ. ವಕೀಲನ ಪಾತ್ರ ಹತ್ತನೇ ಲೆವೆಲ್ಲಿನ ಫೈಟರು. ಭೈರವೇಶ್ವರ ಶಿಖರದ ಥರದ್ದೇ ಒಂದು ಕಪ್ಪು ಬಂಡೆ ನೆತ್ತಿ ಮೇಲೆ ನಿಂತಿದಾನೆ, ಕೆಳಗೆ ಕಳ್ಳ ಓಡಿ ಹೋಗ್ತಾ ಇದಾನೆ. ಇಳಿಯೋಕೆ ಹಗ್ಗ ಬಿಡ್ಬೇಕು, ಹೊತ್ತಾಗ್ತದೆ. ವಕೀಲ ಕ್ಯಾರೆಕ್ಟರ್ ಶೀಟು ನೋಡ್ದ, ತಲೆ ಎತ್ತಿ "ಹಾರ್ತೆ" ಅಂದ.

ಹೌದು, ಪುಸ್ತಕದ ಪ್ರಕಾರ ಅವನು ಹಾರಬಹುದು! ಐದನೇ ಎಡಿಷನ್ನಿನ ರೂಲು ಹೇಳೋದು ಏನಂದ್ರೆ ಬಿದ್ದ ಪ್ರತಿ 10 ಅಡಿಗೆ ಒಂದು ಆರುಮುಖದ ದಾಳದಷ್ಟು ಪೆಟ್ಟು, ಹೆಚ್ಚಂದ್ರೆ 20 ದಾಳ. ಅಂದ್ರೆ 200 ಅಡಿ ಆದ್ಮೇಲೆ ಎಷ್ಟೇ ಎತ್ತರ ಇರ್ಲಿ ಪೆಟ್ಟು ಅಷ್ಟೇ. ಯಾಣದ ಭೈರವೇಶ್ವರ ಶಿಖರ 120 ಮೀಟರ್, ಹತ್ತತ್ರ 390 ಅಡಿ, ಅದರಲ್ಲಿ ಕೊನೇ 190 ಅಡಿ ಪೂರ್ತಿ ಫ್ರೀ. ಒಂದು ದಾಳದ ಸರಾಸರಿ ಮೂರೂವರೆ, ಇಪ್ಪತ್ತಕ್ಕೆ 70. ಇವನ ಹಿಟ್ ಪಾಯಿಂಟು, ಅಂದ್ರೆ ಎಷ್ಟು ಪೆಟ್ಟು ತಡೀತಾನೆ ಅನ್ನೋ ಲೆಕ್ಕ, 94. ಸರಾಸರಿ ಬಿದ್ರೆ 24 ಉಳೀತದೆ, ಎದ್ದು ಮೈ ಕೊಡವಿ ಕಳ್ಳನ ಕಾಲರ್ ಹಿಡೀತಾನೆ. ಇಪ್ಪತ್ತಕ್ಕಿಪ್ಪತ್ತೂ ದಾಳ ಆರೇ ಬಿದ್ದು 120 ಪೆಟ್ಟಾದ್ರೂ ಅವನು ಅಲ್ಲೇ ಸಾಯೋದಿಲ್ಲ, ಬರೀ ಪ್ರಜ್ಞೆ ತಪ್ಪತದೆ. ಬದುಕ್ಕೊಂಡು ಎಂಟು ತಾಸು ಮಲಗಿ ಎದ್ರೆ ಪೂರ್ತಿ ಗುಣ, ನಾಳೆ ಮತ್ತೆ ಹಾರಬಹುದು. ಯಾಣ ನೋಡಿದವರಿಗೆ ಗೊತ್ತು ಆ ಬಂಡೆಗೆ ಜೇನು ಹೆಂಗೆ ಜೋತು ಬಿದ್ದಿರ್ತದೆ ಅಂತ, ಅದರ ಲೆಕ್ಕ ಬೇರೆ.

ನಾನು ಹೇಳ್ದೆ, "ಹಾರು, ಆದ್ರೆ ಹಾರೋಕೆ ಮುಂಚೆನೇ ಹೇಳ್ತಾ ಇದೀನಿ, ಹಾರಿದ್ರೆ ಸತ್ತೆ. ದಾಳ ಇಲ್ಲ." ವಕೀಲನ ಮುಖ ನೋಡ್ಬೇಕಿತ್ತು. ಅವನ ವಾದ ಏನಂದ್ರೆ, ನೋಡು ಮಾರಾಯ, ನಾನು ಹತ್ತು ಲೆವೆಲ್ ಈ ಹಿಟ್ ಪಾಯಿಂಟು ಕೂಡಿಸಿದ್ದೇ ಇಂಥದ್ದಕ್ಕೆ, ಮ್ಯಾಜಿಕ್ ಆರಿಸಿಕೊಂಡವಳು ಬೆಂಕಿ ಉಂಡೆ ಒಗೀತಾಳೆ, ಅದಕ್ಕೆ ನೀ ಫಿಸಿಕ್ಸ್ ಕೇಳೋದಿಲ್ಲ, ನಾ ಹಾರ್ತೆ ಅಂದ್ರೆ ಮಾತ್ರ ನಿಂಗೆ ವಾಸ್ತವ ನೆನಪಾಗ್ತದೆ. ಕಳೆದ ಸಲ ಡ್ರ್ಯಾಗನ್ ನನ್ನ ನೂರಡಿ ಮೇಲಿಂದ ಬಿಟ್ಟಾಗ ನೀನೇ ದಾಳ ಹಾಕಿದ್ದೆ, ಆಗ್ಲೂ ನೆಲ ಇದೇ ನೆಲ.

ವಾದ ಚಲೋ ಇದೆ, ಒಪ್ತೀನಿ. ಆದ್ರೂ ನಾ ಬಗ್ಗಲಿಲ್ಲ, ಕಾರಣ ಇದೆ. ಹಿಟ್ ಪಾಯಿಂಟು ಅಂದ್ರೆ ಬರೀ ಮೈಯ ಗಟ್ಟಿತನ ಅಲ್ಲ. ಈ ಆಟ ಹುಟ್ಟಿಸಿದವರಲ್ಲಿ ಒಬ್ರಾದ ಗ್ಯಾರಿ ಗೈಗ್ಯಾಕ್ಸ್ 1979ರಲ್ಲಿ ಡಂಜನ್ ಮಾಸ್ಟರ್‌ಗಳ ಗೈಡ್ ಬರೆದಾಗಲೇ ಅದನ್ನ ಬಿಡಿಸಿ ಹೇಳಿದಾರೆ, ಅದರಲ್ಲಿ ಅದೃಷ್ಟ, ಚಾಕಚಕ್ಯತೆ, ದೇವರ ದಯೆ ಎಲ್ಲ ಸೇರಿದೆ ಅಂತ. ಡ್ರ್ಯಾಗನ್ ಕಾಲಿಂದ ಬಿದ್ದವನಿಗೆ ಮರದ ಕೊಂಬೆ ಸಿಗಬಹುದು, ಹೊಂಡದ ಕೆಸರು ಸಿಗಬಹುದು, ಅದೃಷ್ಟಕ್ಕೆ ಒಂದು ಜಾಗ ಇದೆ. ತಾನಾಗೇ ಲೆಕ್ಕ ಹಾಕಿ "70 ತಾನೇ" ಅಂತ ಹಾರೋನಿಗೆ ಅದೃಷ್ಟ ಯಾವ ಸಂದಿಲಿ ತೂರಬೇಕು ಹೇಳಿ. ವಕೀಲ ಹಗ್ಗ ಬಿಟ್ಟು ಇಳ್ದ, ಕಳ್ಳ ಹೋದ, ಜಗಳ ಮಾತ್ರ ಇನ್ನೂ ಇದೆ.

ಇಲ್ಲಿ ಒಂದು ವಿಷಯ ಮುಖ್ಯ ಅನ್ಸ್ತದೆ ನಂಗೆ. ನಾನು "ಸತ್ತೆ" ಅಂದಿದ್ದು ಅವನು ಹಾರೋಕೆ ಮುಂಚೆ. ಹಾರಿ ಆದ್ಮೇಲೆ ಹೇಳಿದ್ರೆ ಅದು ತೀರ್ಪಲ್ಲ, ಮೋಸ. ಪುಸ್ತಕದ ದೊಡ್ಡ ಗುಣ ಅದು ಸರಿ ಇರ್ತದೆ ಅನ್ನೋದಲ್ಲ, ಎಷ್ಟೋ ಕಡೆ ಮಂಗ ಲೆಕ್ಕ ಇರ್ತದೆ, ಆದ್ರೆ ಅದು ಮೊದಲೇ ಗೊತ್ತಿರ್ತದೆ. ಆಟಗಾರ ಕೂತಲ್ಲೇ ತೂಗಿ ನೋಡಬಹುದು. ಜಿಎಂ ತಲೆ ಒಳಗಿನ ರೂಲು ಆಟಗಾರನಿಗೆ ಕಾಣೋದಿಲ್ಲ, ಬಾಯಿ ಬಿಟ್ಟು ಹೇಳಬೇಕು, ದಾಳ ಕೈ ಬಿಡೋ ಮುಂಚೆ ಹೇಳಬೇಕು.

ಈಗ ಅಸಲಿ ಮಾತು. ರೂಲ್ಸ್ ವರ್ಸಸ್ ಜಿಎಂ ಅಂತ ಜಗಳ ಆಡೋರು ಎಲ್ಲರೂ ಒಂದನ್ನ ಕೇಳೋದೇ ಇಲ್ಲ, ಈ ಜಿಎಂಗೆ ಆ ವಿಷಯ ಗೊತ್ತಾ? ತೀರ್ಪು ಕೊಡೋ ಅಧಿಕಾರ ಯಾರಿಗೆ ಅನ್ನೋದಕ್ಕಿಂತ ತೀರ್ಪು ಕೊಡೋಷ್ಟು ತಿಳುವಳಿಕೆ ಟೇಬಲ್ಲಲ್ಲಿ ಯಾರ ಹತ್ರ ಇದೆ ಅನ್ನೋದು ದೊಡ್ಡ ಪ್ರಶ್ನೆ.

ಈ ಜಗಳ ಡಿ ಆ್ಯಂಡ್ ಡಿಗಿಂತ ಎಷ್ಟೋ ಹಳೇದು. ಪ್ರಷ್ಯಾದ ಸೇನೆಯಲ್ಲಿ ಕ್ರೀಗ್‌ಸ್ಪೀಲ್ ಅಂತ ಒಂದು ಯುದ್ಧದ ಆಟ ಇತ್ತು, ಫಾನ್ ರೈಸ್‌ವಿಟ್ಜ್ ಅನ್ನೋ ಅಧಿಕಾರಿ 1824ರಲ್ಲಿ ಅದರ ರೂಲು ಪ್ರಕಟಿಸಿದ್ದು, ನಕ್ಷೆ, ದಾಳ, ಯಾವ ದೂರದಿಂದ ಗುಂಡು ಹೊಡೆದ್ರೆ ಎಷ್ಟು ಜನ ಸಾಯ್ತಾರೆ ಅನ್ನೋ ಕೋಷ್ಟಕ, ಮಧ್ಯೆ ಒಬ್ಬ ಅಂಪೈರ್. ಯುದ್ಧ ಕಲಿಸೋಕೆ ಮಾಡಿದ ಆಟ. ಬರ್ತಾ ಬರ್ತಾ ಕೋಷ್ಟಕ ನೋಡೋದೇ ಕೆಲಸ ಆಗಿ ಆಟ ತೆವಳೋಕೆ ಶುರು ಆಯ್ತು. ಆಗ 1876ರಲ್ಲಿ ಫಾನ್ ವೆರ್ಡಿ ಅನ್ನೋರು ಬಂದು, ಕೋಷ್ಟಕನೂ ಬೇಡ ದಾಳನೂ ಬೇಡ, ಅಂಪೈರ್ ನೋಡಿ ಹೇಳಲಿ ಸಾಕು ಅಂದ್ರು. ಅದಕ್ಕೆ ಫ್ರೀ ಕ್ರೀಗ್‌ಸ್ಪೀಲ್ ಅಂತ ಹೆಸರು. ಇವತ್ತೂ ಇಂಟರ್ನೆಟ್ಟಲ್ಲಿ ಒಂದು ಪಂಗಡ ಅದನ್ನೇ ಬಾವುಟ ಮಾಡ್ಕೊಂಡು ರೂಲ್ಸೆಲ್ಲ ಬಿಸಾಕಿ ಅಂತ ಹೇಳ್ತಾ ಇರ್ತದೆ.

ಆದ್ರೆ ಆ ಪಂಗಡ ಮರೆಯೋದು ಏನು ಅಂದ್ರೆ, ವೆರ್ಡಿ ಹಾಗೆ ಹೇಳೋಕೆ ಐದಾರು ವರ್ಷ ಮುಂಚೆ 1870-71ರ ಫ್ರಾನ್ಸ್ ಯುದ್ಧದಲ್ಲಿ ಪ್ರಷ್ಯಾ ಸೇನೆಯ ಮುಖ್ಯಸ್ಥ ಮೊಲ್ಟ್‌ಕೆ ಜೊತೆ ಸ್ಟಾಫ್ ಆಫೀಸರ್ ಆಗಿದ್ದೋರು. ಅವರ ಅಂಪೈರ್‌ಗಳು ಅಂದ್ರೆ ನಿಜ ಯುದ್ಧ ಕಂಡ ಅಧಿಕಾರಿಗಳು. ಕಾಲಾಳು ಕೆಸರಲ್ಲಿ ತಾಸಿಗೆ ಎಷ್ಟು ದೂರ ನಡೀತಾರೆ ಅಂತ ಅವರು ಕೋಷ್ಟಕ ನೋಡ್ಬೇಕಾಗಿರಲಿಲ್ಲ, ನಡೆಸಿ ಬಂದವರು. ನಂಗೆ ಯಾವ ಯುದ್ಧ ಗೊತ್ತು? ಪಂಚಾಯ್ತಿ ಇಲೆಕ್ಷನ್ ಬಿಟ್ರೆ.

ಅಲ್ಲಿಂದ ಈ ಎಳೆ ಅಮೆರಿಕಕ್ಕೆ ಹೋಯ್ತು. 1880ರಲ್ಲಿ ಚಾರ್ಲ್ಸ್ ಟಾಟನ್ ಅನ್ನೋ ಸೇನಾಧಿಕಾರಿ ಒಂದು ಯುದ್ಧದಾಟದ ಪುಸ್ತಕ ಬರೆದಿದ್ರು, ಅದರಿಂದ ಆಟಗಾರ ಏನು ಬೇಕಾದ್ರೂ ಮಾಡ್ತೀನಿ ಅನ್ನಬಹುದು, ರೆಫರಿ ತೀರ್ಮಾನ ಮಾಡ್ತಾನೆ ಅನ್ನೋ ಐಡಿಯಾ ಎತ್ಕೊಂಡು ಮಿನೆಸೋಟದ ಡೇವ್ ವೆಸ್ಲಿ 1969ರಲ್ಲಿ ಒಬ್ಬೊಬ್ಬನಿಗೆ ಒಂದೊಂದು ಪಾತ್ರ ಕೊಟ್ಟು ಬ್ರೌನ್‌ಸ್ಟೈನ್ ಅನ್ನೋ ಆಟ ಆಡ್ಸಿದ್ರು. ಅದರಲ್ಲಿ ಆಡಿದ ಡೇವ್ ಆರ್ನೆಸನ್ ಮುಂದೆ ಗೈಗ್ಯಾಕ್ಸ್ ಜೊತೆ ಸೇರಿ 1974ರಲ್ಲಿ ಡಿ ಆ್ಯಂಡ್ ಡಿ ತಂದ್ರು, ಮೂರು ಚಿಕ್ಕ ಕಿರುಪುಸ್ತಕ, ಮೊದಲ ಮುದ್ರಣ ಬರೀ ಸಾವಿರ ಪ್ರತಿ. ಅದರಲ್ಲಿ ಅರ್ಧಕ್ಕರ್ಧ ವಿಷಯ ನೀವೇ ನೋಡ್ಕೊಳಿ ಅನ್ನೋ ಥರ. ಓದಿದವರು ತಮ್ಮ ತಮ್ಮ ಊರಲ್ಲಿ ತಮಗೆ ತಿಳಿದ ಹಾಗೆ ಆಡಿದ್ರು. ಆಮೇಲೆ ಟೂರ್ನಮೆಂಟು ಬಂತು, ಎಲ್ಲ ಟೇಬಲ್ಲಲ್ಲೂ ಒಂದೇ ಥರ ಆಗಬೇಕು ಅಂತಾಯ್ತು, 1977ರಿಂದ 79ರ ಒಳಗೆ ಅಡ್ವಾನ್ಸ್ಡ್ ಡಿ ಆ್ಯಂಡ್ ಡಿಯ ದಪ್ಪ ಪುಸ್ತಕಗಳು ಬಂದ್ವು. 2000ದಲ್ಲಿ ಮೂರನೇ ಎಡಿಷನ್ ಬಂದಾಗ ಒಬ್ಬನನ್ನ ಇನ್ನೊಬ್ಬ ತಬ್ಬಿ ಹಿಡಿಯೋಕೂ ಒಂದು ಪ್ರೊಸೀಜರ್ರು, ಮುಟ್ಟೋಕೆ ಹೋದಾಗ ಮೊದಲು ಅವನು ಹೊಡೆಯೋಕೆ ದಾಳ, ಆಮೇಲೆ ಮುಟ್ಟೋಕೆ ದಾಳ, ಆಮೇಲೆ ಹಿಡಿತಕ್ಕೆ ಇಬ್ಬರದ್ದೂ ದಾಳ, ಮೈಗಾತ್ರಕ್ಕೆ ಕೂಡಿಸು ಕಳೆ. 2014ರ ಐದನೇ ಎಡಿಷನ್ನಲ್ಲಿ ಅದೆಲ್ಲ ಕಿತ್ತು ಇಬ್ಬರೂ ಒಂದೊಂದು ದಾಳ ಹಾಕಿ ಮುಗ್ಸಿ ಅಂದ್ರು. 2024ರಲ್ಲಿ ಅದನ್ನೂ ಬದಲಿಸಿದ್ರು. ಐವತ್ತು ವರ್ಷದಿಂದ ರೂಲು ಉಬ್ಬೋದು ಇಳಿಯೋದು ನಡೀತಾನೇ ಇದೆ.

ನಮ್ಮ ಟೇಬಲ್ಲಲ್ಲಿ ಇದು ಹೆಂಗೆ ಕೆಲಸ ಮಾಡ್ತದೆ ಅಂತ ಅಳಿವೆ ಕತೆ ಹೇಳ್ತೀನಿ.

ರಾಣಿಯ ಗೋದಾಮಿಂದ ಮೆಣಸಿನ ಮೂಟೆ ಎಗರಿಸಿ, ನಮ್ಮ ಹೀರೋಗಳು ಸಣ್ಣ ದೋಣಿಲಿ ನದಿ ಇಳ್ಕೊಂಡು ಸಮುದ್ರ ಸೇರಬೇಕು. ಆಷಾಢ ಮಾಸ ಅಂತ ನಾನೇ ಹೇಳಿದ್ದೆ. ಹಿಂದೆ ಕಾವಲಿನವರ ದೋಣಿ. ಪುಸ್ತಕ ತೆಗೆದ್ರೆ ಈಜೋನಿಗೆ ಒಂದಡಿಗೆ ಎರಡಡಿ ಖರ್ಚು ಅಂತಿದೆ, ಉಸಿರು ಎಷ್ಟು ನಿಮಿಷ ಹಿಡೀಬಹುದು ಅಂತಿದೆ, ದೋಣಿಯ ವೇಗ ಇದೆ. ನದಿ ಸಮುದ್ರ ಸೇರೋ ಬಾಯಲ್ಲಿ ಮಳೆಗಾಲದಲ್ಲಿ ಏನಾಗ್ತದೆ ಅಂತ ಇಲ್ಲ. ಆಟ ಶುರು ಮಾಡಿದ ಗೈಗ್ಯಾಕ್ಸ್ ಇದ್ದಿದ್ದು ವಿಸ್ಕಾನ್ಸಿನ್ನಿನ ಕೆರೆ ದಂಡೆಲಿ, ಅವರ ತಪ್ಪಲ್ಲ ಬಿಡಿ. ನಾನು ಘಟ್ಟದ ಮೇಲಿನೋನು, ಅಡಿಕೆ ತೋಟದಲ್ಲಿ ಬೆಳೆದೋನು, ಸಮುದ್ರ ಅಂದ್ರೆ ಗೋಕರ್ಣಕ್ಕೆ ಹೋದಾಗ ಕಾಲು ತೊಳ್ಕೊಳ್ಳೋ ಜಾಗ. ಸುಮ್ನೆ 15 ಅಂತ ಹೇಳೋಕೆ ಬಾಯಿ ತೆಗೆದಿದ್ದೆ.

ಬೈತಕೋಲ್‌ನವನು ಕೇಳ್ದ, "ಭರತನೋ ಇಳಿತನೋ?"

ನಾನು ಎರಡೂ ಅಲ್ಲ ಅನ್ನೋ ಮುಖ ಮಾಡ್ದೆ. ಅವನು ಪೆನ್ನು ತಗೊಂಡು ನನ್ನ ನಕ್ಷೆ ಮೇಲೇ ಗೀಚಿ ತೋರ್ಸ್ದ. ಮಳೆಗಾಲದಲ್ಲಿ ನದಿ ನೀರು ಮೊದಲೇ ರಭಸ, ಇಳಿತ ಇದ್ರೆ ಅದೂ ಸೇರಿ ಹೊರಗೆ ಎಳೀತದೆ, ಎದುರಿಂದ ಸಮುದ್ರದ ತೆರೆ ಒಳಗೆ ಬರ್ತದೆ, ಎರಡೂ ಅಳಿವೆಯ ಮರಳು ದಿಬ್ಬದ ಮೇಲೆ ಡಿಕ್ಕಿ ಹೊಡೆದು ತೆರೆ ಗೋಡೆ ಥರ ಎದ್ದು ನಿಲ್ತದೆ. ಅದರಲ್ಲಿ ದೋಣಿ ಒಂದು ಚೂರು ಅಡ್ಡ ತಿರುಗಿದ್ರೆ ಮುಗೀತು, ಮಗುಚೋದೇ. ಮೂತಿ ತೆರೆಗೆ ನೇರ ಹಿಡೀಬೇಕು, ಹಿಡಿದವನು ಬಿಡಬಾರದು. ಅದೇ ಭರತ ಏರ್ತಾ ಇದ್ರೆ ನೀರಿನ ಎಳೆತ ಕಮ್ಮಿ ಆಗ್ತದೆ, ಆಳನೂ ಜಾಸ್ತಿ, ಆಗ ದಾಟಬಹುದು. ಅದಕ್ಕೆ ಕಾಯಬೇಕು, ಆರು ತಾಸಿನ ಲೆಕ್ಕ.

ಅಲ್ಲೇ ರೂಲು ಹುಟ್ತು. ಈಗಲೇ ಹೋದ್ರೆ ಇಳಿತ, ಡಿಸಿ 20, ತಪ್ಪಿದ್ರೆ ದೋಣಿ ಮಗುಚಿ ಮೆಣಸು ಪೂರ್ತಿ ಸಮುದ್ರಪಾಲು. ಕಾದ್ರೆ ಡಿಸಿ 10, ಆದ್ರೆ ಕಾವಲಿನವರು ಬರ್ತಾರೆ, ಕಾಂಡ್ಲಾ ಗಿಡದ ಮಧ್ಯೆ ಅಡಗಿ ಕೂರಬೇಕು. ಎರಡೂ ಬೆಲೆ ಟೇಬಲ್ ಮೇಲೆ ಇಟ್ಟೆ. ಆಮೇಲೆ ನಡೆದ ಚರ್ಚೆ ಇದೆಯಲ್ಲ, ಅರ್ಧ ತಾಸು ಯಾರೂ ಮೊಬೈಲ್ ಮುಟ್ಟಲಿಲ್ಲ. ಮೂಟೆಗೆ ಹಗ್ಗ ಕಟ್ಟಿ ತೇಲು ಬಿಗಿದ್ರೆ ಮಗುಚಿದ್ರೂ ಆಮೇಲೆ ಹುಡುಕಬಹುದಾ, ಒಬ್ಬ ಮೂತಿಲಿ ನಿಂತು ತೆರೆ ನೋಡಿ ಕೂಗಿದ್ರೆ ಸಹಾಯ ಆಗ್ತದಾ. ಆಗ್ತದೆ ಅಂದ ಬೈತಕೋಲ್‌ನವನು, ಅಂಥವನಿದ್ರೆ ಅಡ್ವಾಂಟೇಜ್ ಕೊಟ್ಟೆ, ಅಂದ್ರೆ ಎರಡು ದಾಳ ಹಾಕಿ ದೊಡ್ಡದನ್ನ ತಗೊಳ್ಳೋದು. ಅಡ್ವಾಂಟೇಜ್ ಕಣ್ಣಿಗೆ ಸಣ್ಣದು ಕಂಡ್ರೂ ದಾಳದಲ್ಲಿ 15 ಬೀಳಬೇಕಾದ ಜಾಗದಲ್ಲಿ 30 ಪರ್ಸೆಂಟ್ ಚಾನ್ಸ್ 51 ಆಗ್ತದೆ. ಪುಸ್ತಕದ ಈ ಒಂದು ಸಾಮಾನು ಮಾತ್ರ ನಂಗೆ ಭಾರೀ ಇಷ್ಟ, ಜಿಎಂ ತೀರ್ಪು ತೂರಿಸೋಕೇ ಮಾಡಿಟ್ಟ ಕಿಂಡಿ ಅದು.

ಅಂದ್ರೆ ಇಲ್ಲಿ ತೀರ್ಪು ಕೊಟ್ಟಿದ್ದು ನಾನಾ? ನಂಬರ್ ನಂದು, ತಿಳುವಳಿಕೆ ಅವನದ್ದು. ಅವನೂ ಆ ದೋಣಿಲೇ ಇದ್ದ, ತನಗೆ ಸಲೀಸು ಆಗೋ ಹಾಗೆ ಹೇಳಬಹುದಿತ್ತು, ಹೇಳಲಿಲ್ಲ, ತನ್ನ ಕೆಲಸದ ಬಗ್ಗೆ ಸುಳ್ಳು ಹೇಳೋಕೆ ಯಾರಿಗೂ ಮನಸು ಬರೋದಿಲ್ಲ ಅನ್ಸ್ತದೆ. ಕೆಮಿಸ್ಟ್ರಿ ಮೇಡಂ ಕೂಡ ಹಾಗೇ. ಅವಳ ಪಾತ್ರ ಮಂತ್ರಗಾರ್ತಿ, ಆದ್ರೆ ವಿಷ, ಮದ್ದು, ಸ್ಫೋಟ ಅಂತ ಬಂದ್ರೆ ತನ್ನ ಪಾತ್ರಕ್ಕೆ ನಷ್ಟ ಆದ್ರೂ "ಹಾಗೆ ಆಗೋದಿಲ್ಲ, ಒದ್ದೆ ಆದ್ರೆ ಹತ್ತೋದಿಲ್ಲ" ಅಂತ ತಾನೇ ಹೇಳ್ತಾಳೆ.

ಇನ್ನೊಂದು ಕಡೆ, ಯಾರಿಗೂ ಏನೂ ಗೊತ್ತಿಲ್ಲದ ವಿಷಯ ಇದಾವೆ. ಕತ್ತಿ ಯುದ್ಧ. ನಮ್ಮಲ್ಲಿ ಯಾರೂ ಕತ್ತಿ ಹಿಡಿದು ಹೊಡೆದಾಡಿಲ್ಲ, ಸೊಪ್ಪು ಕಡಿದಿದ್ದೇ ಹೆಚ್ಚು. ಅಲ್ಲಿ ನಾನು "ನಂಗನ್ನಿಸ್ತು" ಅಂತ ತೀರ್ಪು ಕೊಟ್ರೆ ಅದು ಸಿನಿಮಾ ನೋಡಿ ಕಲಿತಿದ್ದಷ್ಟೇ. ಅಂಥಲ್ಲಿ ನಾನು ಪುಸ್ತಕ ಬಿಟ್ಟು ಒಂದಿಂಚು ಆಚೀಚೆ ಹೋಗೋದಿಲ್ಲ, ಹೊಡೆತಕ್ಕೆ ಇಷ್ಟು, ಗುರಾಣಿಗೆ ಎರಡು, ಮುಗೀತು. ಮ್ಯಾಜಿಕ್ಕೂ ಹಾಗೇ. ಫೈರ್‌ಬಾಲ್ ಅಂದ್ರೆ 20 ಅಡಿ ತ್ರಿಜ್ಯ, ಎಂಟು ದಾಳ ಪೆಟ್ಟು, ಅದಕ್ಕೆ ಚರ್ಚೆ ಇಲ್ಲ, ಯಾಕಂದ್ರೆ ಚರ್ಚೆ ಮಾಡೋಕೆ ಯಾರ ಹತ್ರನೂ ಅನುಭವ ಇಲ್ಲ.

ಮಜಾ ಬರೋದು ಎರಡೂ ಒಂದರ ಮೇಲೊಂದು ಬಂದಾಗ. ಮೇಡಂ ಒಂದ್ಸಲ ಅಡಿಕೆ ತೋಟದ ಒಳಗೆ ಫೈರ್‌ಬಾಲ್ ಒಗೆದ್ಲು. ಪುಸ್ತಕ ಹೇಳ್ತದೆ, ಆ ಜಾಗದಲ್ಲಿ ಯಾರೂ ತೊಟ್ಟಿರದ, ಹಿಡಿದಿರದ, ಹತ್ತೋ ವಸ್ತುಗಳಿಗೆಲ್ಲ ಬೆಂಕಿ ಹತ್ತತದೆ. ತೋಟ ಹತ್ತತದಾ? ಈಗ ನೋಡಿ, ಇಲ್ಲಿ ಕೂತ ಎಲ್ಲರೂ ಎಕ್ಸ್‌ಪರ್ಟು. ಭಾವ ಅಂದ, "ಯಾವ ತಿಂಗಳು ಹೇಳು ಮೊದ್ಲು. ಮಾಘದಲ್ಲಾದ್ರೆ ದರಕು ಬಿದ್ದಿರ್ತು, ಒಂದು ಬೀಡಿ ತುಂಡು ಸಾಕು. ಈಗ ಕೊಳೆ ಮದ್ದು ಹೊಡೆಯೋ ಹೊತ್ತು, ಸೀಮೆಎಣ್ಣೆ ಹೊಯ್ದ್ರೂ ಹತ್ತತಿಲ್ಲೆ." ಹಾಗಾಗಿ ರಾಕ್ಷಸರಿಗೆ ಪುಸ್ತಕದ ಪೆಟ್ಟು ಪೂರ್ತಿ, ತೋಟಕ್ಕೆ ಬರೀ ಹಬೆ. ತೋಟದ ಯಜಮಾನನ ಪಾತ್ರ ನಾನು ಮಾಡ್ತಾ ಇದ್ದೆ, ಆದ್ರೂ ಎರಡು ಕೊನೆ ಉದುರಿದ್ದಕ್ಕೆ ಪರಿಹಾರ ಕೇಳ್ದೆ, ಬಿಡ್ಲಿಲ್ಲ.

ಎಲ್ಲಕ್ಕಿಂತ ಕಷ್ಟದ್ದು ಮಾತು. ಭಾವನ ಪಾತ್ರದ ಕರಿಸ್ಮಾ ಎಂಟು, ಅಂದ್ರೆ ನಾಲ್ಕು ಜನರ ಎದುರು ಬಾಯಿ ಬಿಡೋಕೆ ಬರದವನು, ಪುಸ್ತಕದ ಲೆಕ್ಕದಲ್ಲಿ ಪ್ರತಿ ಸಲ ಒಂದು ಮೈನಸ್. ಆದ್ರೆ ಭಾವ ಯಾರು? ರಾತ್ರಿ ಪೂರ್ತಿ ಕೂತು ಅರ್ಥ ಹೇಳೋ ಮನುಷ್ಯ. ರಾಣಿ ದರ್ಬಾರಿನಲ್ಲಿ ಎದ್ದು ನಿಂತ ಅಂದ್ರೆ ನಾನು ರಾಣಿ ಅನ್ನೋದನ್ನೇ ಮರೆತು ಕೇಳ್ತಾ ಕೂರ್ತೀನಿ. ಅಷ್ಟು ಚಂದ ಮಾತಾಡಿದ ಮೇಲೆ ದಾಳ ಹಾಕಿಸಿ ಎರಡು ಬಿತ್ತು, ರಾಣಿ ಒಪ್ಪಲಿಲ್ಲ ಅನ್ನೋದಾ? ಹಾಕಿಸದೇ ಒಪ್ಪಿದ್ರೆ, ಮೇಡಂ ತನ್ನ ಪಾತ್ರಕ್ಕೆ ಕರಿಸ್ಮಾ 18 ಕೂಡಿಸಿಟ್ಟಿದ್ದು ಎಂತಕ್ಕೆ, ಅವಳಿಗೆ ಭಾಷಣ ಬರೋದಿಲ್ಲ ಅಂತ ಅವಳ ಪಾತ್ರಕ್ಕೂ ಬರಬಾರದಾ?

ಇದನ್ನ ಬಿಡಿಸಿದ್ದು ಭಾವನೇ, ಅವನದ್ದೇ ಲೋಕದಿಂದ. ತಾಳಮದ್ದಲೆಲಿ ಪದ ಭಾಗವತರದ್ದು, ಅದು ಮೊದಲೇ ಬರೆದಿಟ್ಟಿದ್ದು, ಯಾರೂ ಬದಲಿಸೋ ಹಾಗಿಲ್ಲ. ಅರ್ಥ ಅರ್ಥಧಾರಿದು, ಅದು ಆಗಲೇ ಹುಟ್ಟಬೇಕು. ವಾಲಿ ಬಿದ್ದಲ್ಲಿಂದಲೇ ರಾಮನನ್ನ ಹಿಡಿದು ಕೇಳ್ತಾನೆ, ಮರೆಯಲ್ಲಿ ನಿಂತು ಹೊಡೆದಿದ್ದು ಯಾವ ಧರ್ಮ ಅಂತ, ಒಳ್ಳೇ ಅರ್ಥಧಾರಿ ಸಿಕ್ಕಿದ್ರೆ ರಾಮನ ಪಾತ್ರದವನು ಬೆವರ್ತಾನೆ, ಸಭೆ ಪೂರ್ತಿ ವಾಲಿ ಕಡೆ. ಆದ್ರೂ ಮುಂದಿನ ಪದ ಬಂದಾಗ ವಾಲಿ ಸಾಯ್ತಾನೆ. "ಮಾತು ಗೆದ್ದಿದ್ದು ಬೇರೆ, ಪ್ರಸಂಗ ನಡೆಯೋದು ಬೇರೆ" ಅಂದ ಭಾವ, "ನೀ ದಾಳ ಹಾಕ್ಸು, ನಂಗೆ ಬೇಜಾರಿಲ್ಲ, ಆದ್ರೆ ನನ್ನ ಮಾತು ಕೇಳಿ ಆದ್ಮೇಲೆ ನಂಬರ್ ಹೇಳು."

ಹಾಗಾಗಿ ಈಗ ನಮ್ಮಲ್ಲಿ, ಏನು ಹೇಳಿದ್ರು ಅನ್ನೋದರ ಮೇಲೆ ಡಿಸಿ, ಹೆಂಗೆ ಹೇಳಿದ್ರು ಅನ್ನೋದು ದಾಳದ ಪಾಲು. ಭಾವ ಪುರಾಣ ಸಮೇತ ಹತ್ತು ನಿಮಿಷ ಹೇಳಿದ್ದು, ಮೇಡಂ "ಅವಳ ತಂಗಿ ನಮ್ಮ ಕೈಲಿದಾಳೆ ಅಂತ ನೆನಪು ಮಾಡ್ತೀನಿ" ಅಂತ ಒಂದೇ ವಾಕ್ಯ ಅಂದಿದ್ದು, ವಿಷಯ ಗಟ್ಟಿ ಇದ್ರೆ ಎರಡಕ್ಕೂ ಡಿಸಿ ಕಮ್ಮಿ ಆಗ್ತದೆ. 2024ರ ಪುಸ್ತಕ ಇದಕ್ಕೆ 15 ಅಥವಾ ಎದುರಿನವನ ಬುದ್ಧಿಯ ಅಂಕ, ಯಾವುದು ದೊಡ್ಡದೋ ಅದು ಅಂತ ಹೇಳ್ತದೆ. ಅದನ್ನ ನಾನು ತಗೊಂಡಿಲ್ಲ. ಬುದ್ಧಿವಂತನನ್ನ ಒಪ್ಪಿಸೋದು ಕಷ್ಟ ಅನ್ನೋದು ಯಾರ ಅನುಭವನೋ ಗೊತ್ತಿಲ್ಲ, ನಮ್ಮ ಕಡೆ ಒಪ್ಪಿಸೋಕೆ ಆಗದೇ ಇರೋರು ಬೇರೆ ಥರದೋರು.

ಪರದೆ ಹಿಂದೆ ಗುಟ್ಟಾಗಿ ದಾಳ ಹಾಕಿ ನಂಬರ್ ಬದಲಿಸೋ ಜಿಎಂಗಳ ಬಗ್ಗೆ ಕೇಳ್ತಾರೆ. ನಾನು ಮಾಡೋದಿಲ್ಲ. ಎಲ್ಲರೆದುರು ಹಾಕ್ತೀನಿ, ಬಿದ್ದಿದ್ದು ಬಿತ್ತು. ಬದಲಿಸೋ ಮನಸಿದ್ರೆ ದಾಳ ಹಾಕೋದೇ ಬೇಡ, ನೇರ ಹೇಳಿ.

ಜಿಎಂನನ್ನೇ ರೂಲಲ್ಲಿ ಕಟ್ಟಿ ಹಾಕೋ ಆಟಗಳೂ ಇದಾವೆ. 2010ರಲ್ಲಿ ಬಂದ ಅಪಾಕಲಿಪ್ಸ್ ವರ್ಲ್ಡ್ ಅಂತ, ಅದರಲ್ಲಿ ಜಿಎಂ ದಾಳನೇ ಮುಟ್ಟೋದಿಲ್ಲ. ಆಟಗಾರ ಎರಡು ಆರುಮುಖದ ದಾಳ ಹಾಕ್ತಾನೆ, 10 ಅಥವಾ ಜಾಸ್ತಿ ಬಿದ್ರೆ ಆಯ್ತು, 7ರಿಂದ 9 ಆದ್ರೆ ಆಯ್ತು ಆದ್ರೆ ಏನೋ ಒಂದು ಕಳ್ಕೊಳ್ಳಬೇಕು, 6 ಅಥವಾ ಕಮ್ಮಿ ಬಿದ್ರೆ ಜಿಎಂ ಸರದಿ, ಅವನು ಏನೇನು ಮಾಡಬಹುದು ಅಂತಲೂ ಪಟ್ಟಿ. ಏನೂ ಕೂಡಿಸದೇ ಹಾಕಿದ್ರೆ ಪೂರ್ತಿ ಗೆಲ್ಲೋದು ಆರಕ್ಕೆ ಒಂದು ಸಲ, ಅರ್ಧಂಬರ್ಧ ಗೆಲ್ಲೋದು ಸೋಲೋದು ಎರಡೂ ಸಮ, 42 ಪರ್ಸೆಂಟಿನ ಹತ್ತಿರ. ಒಂದು ಮಳೆಗಾಲ ಆಡಿ ನೋಡಿದ್ವಿ, ಚಲೋ ಇತ್ತು, ವಕೀಲನಿಗಂತೂ ಜಿಎಂಗೂ ಕಾನೂನು ಇದೆ ಅಂತ ತಿಳಿದು ಸಂತೋಷವೋ ಸಂತೋಷ. ಆದ್ರೆ ಅಲ್ಲೂ "ಏನೋ ಒಂದು ಕಳ್ಕೊಳ್ಳಬೇಕು" ಅಂದಾಗ ಏನು ಅಂತ ಹೇಳೋನು ಯಾರು, ಮತ್ತೆ ಅದೇ ಪ್ರಶ್ನೆ.

ಈಗಿನ ಜಗಳಕ್ಕೆ ಬರ್ತೀನಿ. ವಕೀಲ ಒಂದು ನೋಟ್‌ಬುಕ್ ಶುರು ಮಾಡಿದಾನೆ, ನಾನು ಕೊಟ್ಟ ತೀರ್ಪೆಲ್ಲ ಅದರಲ್ಲಿ ಬರೀತಾನೆ, ಮುಂದಿನ ಸಲ ಅದೇ ಸಂದರ್ಭ ಬಂದ್ರೆ "ಹಿಂದಿನ ಆದೇಶ ನೋಡಿ ಸ್ವಾಮಿ" ಅಂತ ಎದುರಿಗೆ ಹಿಡೀತಾನೆ. ನ್ಯಾಯವಾಗಿ ಅದು ಸರಿನೇ, ಅವತ್ತು 10 ಇವತ್ತು 20 ಅಂದ್ರೆ ಆಟಗಾರ ಯಾವ ಧೈರ್ಯದ ಮೇಲೆ ಪ್ಲಾನ್ ಮಾಡಬೇಕು. ನಂಗೆ ಆಗದೇ ಇರೋದು ಬರೆದ ಕೂಡ್ಲೇ ಅದಕ್ಕೆ ಆಗೋ ಗತಿ. "ಅಳಿವೆ ದಾಟುವುದು: ಇಳಿತದಲ್ಲಿ 20, ಭರತದಲ್ಲಿ 10" ಅಂತ ಬರೆದ. ಬೈತಕೋಲ್‌ನವನು ಓದಿ ನಕ್ಕ, ಇದು ಮಳೆಗಾಲಕ್ಕೆ ಮಾತ್ರ, ಜನವರಿಲಿ ನನ್ನ ಅಜ್ಜಿನೂ ದಾಟಿಸ್ತಾಳೆ ಅಂದ. ವಕೀಲ "ಮಳೆಗಾಲದಲ್ಲಿ ಮಾತ್ರ" ಅಂತ ಸೇರಿಸ್ದ. ದೋಣಿ ದೊಡ್ಡದಿದ್ರೆ? ಸೇರಿಸ್ದ. ಅಮಾಸೆ ಹುಣ್ಣಿಮೆ ಹತ್ರ ಇದ್ರೆ ಎಳೆತ ಜಾಸ್ತಿ. ಸೇರಿಸ್ದ. ಗಾಳಿ? ಅರ್ಧ ಪುಟ ಆಯ್ತು. 1974 ಹೆಂಗೆ 1979 ಆಯ್ತು ಅಂತ ಕಣ್ಣೆದುರೇ ನೋಡಿದ ಹಾಗಾಯ್ತು ನಂಗೆ. ಮೇಡಂ ಪೆನ್ಸಿಲ್ ತಗೊಂಡು ಪಕ್ಕದಲ್ಲಿ "ಬೈತಕೋಲ್‌ನವನನ್ನ ಕೇಳಿ" ಅಂತ ಬರೆದ್ಲು, ಅರ್ಧ ಪುಟಕ್ಕಿಂತ ಅದೇ ಚಲೋ ರೂಲು ಅಂತ ನಾನೂ ಹೇಳ್ದೆ.

ವಕೀಲ ಸುಮ್ನೆ ಕ್ಯಾಲೆಂಡರ್ ತೋರ್ಸ್ದ. ಆಗಸ್ಟ್ 1ಕ್ಕೆ ನಿಷೇಧ ಮುಗೀತದೆ, ಇವನು ಬೋಟ್ ಹತ್ತತಾನೆ, ಆಮೇಲೆ ಯಾರನ್ನ ಕೇಳ್ತೀರಿ ಅಂತ. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಆಗಸ್ಟ್‌ನಲ್ಲಿ ಅವನಿಲ್ಲದೇ ಆಡಿದಾಗ ಹೀರೋಗಳು ಮತ್ತೆ ಅಳಿವೆಗೆ ಬಂದ್ರು, ಈ ಸಲ ಮೆಣಸು ಅಲ್ಲ, ಒಂದು ಆನೆಮರಿ, ಅದರ ಕತೆ ಇನ್ನೊಂದ್ಸಲ. ನೋಟ್‌ಬುಕ್ಕಿನ ಅರ್ಧ ಪುಟ ತೆಗೆದು ಸಾಲು ಸಾಲಾಗಿ ಓದಿ ಕೂಡಿಸಿ ಕಳೆದು 17 ಅಂತ ತೆಗೆದ್ವಿ. ಆನೆಮರಿ ದೋಣಿಲಿ ಆಚೀಚೆ ಸರಿದ್ರೆ ಎಷ್ಟು ಅಂತ ಅದರಲ್ಲಿ ಇರಲಿಲ್ಲ, ಅದನ್ನ ನಾನೇ ಹೇಳ್ದೆ, ವಕೀಲ ಬರ್ಕೊಂಡ.